ಹಳೆ ಮೋಟರ್‌ಹೋಮ್‌ನ ಗ್ಯಾಸ್ ಗೀಸರ್: ಹತ್ತಿದ ಉರಿ ಆರಿಹೋಗುತ್ತಿದ್ದರೆ

ಅಮೆರಿಕದಲ್ಲಿ ನಾವು ಓಡಿಸುವ ಹಳೆ ಮೋಟರ್‌ಹೋಮ್‌ನಲ್ಲಿ (ಒಳಗೇ ವಾಸಿಸಬಹುದಾದ ವಾಹನ) 6 ಗ್ಯಾಲನ್ ಪ್ರೊಪೇನ್ ಗೀಸರ್ ಇದೆ. ಸ್ವಿಚ್ ಹಾಕಿದರೆ ಕಿಡಿ ಬರುತ್ತಿತ್ತು, ಉರಿ ಹತ್ತುತ್ತಿತ್ತು, ಏಳೆಂಟು ಸೆಕೆಂಡಿಗೆ ಆರುತ್ತಿತ್ತು. ಮೂರು ಸಲ ಹೀಗಾದ ಮೇಲೆ ಕೆಂಪು ದೀಪ.

ಬ್ಯಾಟರಿ, ರೆಗ್ಯುಲೇಟರ್, ಥರ್ಮೋಸ್ಟಾಟ್ ಎಲ್ಲ ಹೊಸದು ಹಾಕಿದರೂ ಅದೇ ಕತೆ. ಬರ್ನರ್ ಕೊಳವೆಯ ಜೇಡರ ಬಲೆ ತೆಗೆದಾಗ ಹಳದಿ ಉರಿ ನೀಲಿಯಾಯಿತು, ಅಷ್ಟೇ.

ಉರಿ ಹತ್ತುತ್ತಿದೆ ಅಂದರೆ ಗ್ಯಾಸ್ ಬರ್ತಿದೆ ಅಂತ ತಾನೆ? ಹಾಗಾದರೆ ತೊಂದರೆ ಬೇರೆ ಕಡೆ. ಕಿಡಿ ಹಾರಿಸುವ ಎಲೆಕ್ಟ್ರೋಡೇ ಉರಿ ಇದೆಯೆಂದು ಬೋರ್ಡಿಗೆ (ಗೀಸರ್ ನಿಯಂತ್ರಿಸುವ ಸರ್ಕ್ಯೂಟ್) ತಿಳಿಸುತ್ತದೆ. ಉರಿಯ ಮೂಲಕ ಹರಿಯುವ ಕರೆಂಟ್ ಮೈಕ್ರೋ ಆಂಪಿಯರ್ ಲೆಕ್ಕದ್ದು, ತೀರಾ ಸಣ್ಣದು. ಅರ್ಥಿಂಗ್ ತುಕ್ಕು ಹಿಡಿದರೆ ಆ ಕರೆಂಟ್ ಬೋರ್ಡ್ ಮುಟ್ಟುವುದಿಲ್ಲ, ಬೋರ್ಡ್ ಗ್ಯಾಸ್ ಮುಚ್ಚುತ್ತದೆ. ಸುಮ್ನೆ ಭಾಗ ಬದಲಿಸುವ ಮೊದಲು ಇದನ್ನೇ ನೋಡಿ.

12 ವೋಲ್ಟ್ ಸ್ವಿಚ್ ಆಫ್ ಮಾಡಿ, ಸಿಲಿಂಡರ್ ಮುಚ್ಚಿ, ಗೀಸರ್ ಪೂರ್ತಿ ತಣ್ಣಗಾಗಲು ಬಿಡಿ. ಎಲೆಕ್ಟ್ರೋಡ್ ಬಿಚ್ಚಿ, ತುದಿಗಳನ್ನು ನಯವಾದ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ. ಅದರ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಹೊಸದೇ ಬೇಕು. ಎಲೆಕ್ಟ್ರೋಡ್ ಕೂರುವ ಸ್ಕ್ರೂ ಸುತ್ತ ಕಂದು ಪುಡಿ ಕಟ್ಟಿರುತ್ತದೆ. ಬಿಳಿ ಲೋಹ ಕಾಣುವವರೆಗೂ ಕೆರೆಯಿರಿ, ಅರ್ಥ್ ವೈರಿನ ತುದಿಯನ್ನೂ. ಕೂರಿಸುವಾಗ ತುದಿಗಳ ನಡುವೆ 3 ಮಿ.ಮೀ. ಅಂತರ ಬಿಡಿ, ಜಾಸ್ತಿ ಬೇಡ. ಆಮೇಲೆ ಬೋರ್ಡಿನ ಕನೆಕ್ಟರ್ ಕಿತ್ತು, ಬೋರ್ಡಿನ ಅಂಚಿನ ಲೋಹದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಒತ್ತಿ ಸೇರಿಸಿ.

ಟ್ಯಾಂಕಿನಲ್ಲಿ ನೀರು ತುಂಬಿದೆಯೆಂದು ನೋಡಿಯೇ ಹಚ್ಚಿ. ನಮ್ಮದು ಮೊದಲ ಕಿಡಿಗೇ ಹತ್ತಿ, ನೀರು ಕಾಯುವವರೆಗೂ ಆರದೆ ಉರಿಯಿತು.