ನಿಮ್ಮ ಲಿಸ್ಪ್‌ಗೆ ಮಲ್ಟಿಪಲ್ ವ್ಯಾಲ್ಯೂಸ್ ಸೇರಿಸೋದು ಹೇಗೆ: ಮೊದ್ಲು ಇಂಟರ್‌ಪ್ರಿಟರ್, ಆಮೇಲೆ ಕಂಪೈಲರ್

ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ನಿಮ್ಮದೇ ಒಂದು ಪುಟ್ಟ ರೂಪ ಬರ್ಕೊಂಡಿದೀರ ಅನ್ಕೊಳ್ಳಿ. ರೀಡರ್ ಇದೆ, ಇವ್ಯಾಲ್ ಇದೆ, ಕ್ಲೋಷರ್, ಮ್ಯಾಕ್ರೋ ಎಲ್ಲಾ ಓಡ್ತಿದೆ, ಬೈಟ್‌ಕೋಡ್ ಕಂಪೈಲರ್ ಕೂಡ ಒಂದು ಹಂತಕ್ಕೆ ಬಂದಿದೆ. ಈಗ ಫ್ಲೋರ್ ಬರೀಬೇಕು, ಅಂದ್ರೆ ಭಾಗಿಸಿ ಕೆಳಗಿನ ಪೂರ್ಣಾಂಕಕ್ಕೆ ಇಳಿಸೋ ಫಂಕ್ಷನ್. 17ನ್ನ 5ರಿಂದ ಭಾಗಿಸಿದ್ರೆ ಭಾಗಲಬ್ಧ 3, ಶೇಷ 2, ಎರಡೂ ಒಂದೇ ಲೆಕ್ಕದಲ್ಲಿ ಸಿಗತ್ತೆ, ಆದ್ರೆ ನಿಮ್ಮ ಫಂಕ್ಷನ್ ವಾಪಸ್ ಕೊಡೋಕಾಗೋದು ಒಂದನ್ನೇ. ಹ್ಯಾಷ್ ಟೇಬಲ್ ವಿಷ್ಯ ಇನ್ನೂ ಕಷ್ಟ, ಕೀ ಕೊಟ್ರೆ ಅದರ ವ್ಯಾಲ್ಯೂ ಹುಡುಕೋ ಗೆಟ್‌ಹ್ಯಾಷ್ ನಿಲ್ (ಲಿಸ್ಪ್‌ನಲ್ಲಿ ಸುಳ್ಳು, ಖಾಲಿ ಲಿಸ್ಟ್ ಎರಡೂ ಇದೇ) ಕೊಡ್ತು ಅಂದ್ರೆ ಆ ಕೀ ಟೇಬಲ್‌ನಲ್ಲೇ ಇಲ್ಲ ಅಂತನಾ ಅಥವಾ ಕೀ ಇದೆ ಅದರ ವ್ಯಾಲ್ಯೂನೇ ನಿಲ್ ಅಂತನಾ, ಗೊತ್ತಾಗಲ್ಲ. ಕಾಮನ್ ಲಿಸ್ಪ್‌ನಲ್ಲಿ ಇದಕ್ಕೆ ಗೆಟ್‌ಹ್ಯಾಷ್ ಎರಡನೇ ವ್ಯಾಲ್ಯೂ ಒಂದನ್ನ ಕೊಡತ್ತೆ, ಕೀ ಇತ್ತಾ ಇಲ್ವಾ ಅಂತ ಹೇಳೋಕೆ.

ಎಲ್ಲರಿಗೂ ಮೊದಲು ಹೊಳೆಯೋದು ಲಿಸ್ಟ್ ಮಾಡಿ ಕೊಟ್ಟುಬಿಡೋಣ ಅಂತ. ಇಮ್ಯಾಕ್ಸ್ ಎಡಿಟರ್‌ನ ಲಿಸ್ಪ್‌ನಲ್ಲಿರೋ ಸಿಎಲ್-ಲಿಬ್ ಲೈಬ್ರರಿಯಲ್ಲಿ ವ್ಯಾಲ್ಯೂಸ್ (ಹಲವು ವ್ಯಾಲ್ಯೂ ವಾಪಸ್ ಕೊಡೋ ಫಂಕ್ಷನ್) ಕೊಡೋದು ನಿಜವಾಗ್ಲೂ ಒಂದು ಲಿಸ್ಟೇ. ಆದ್ರೆ ಹಾಗೆ ಮಾಡಿದ್ರೆ (+ 1 (ಫ್ಲೋರ್ 17 5)) ಅನ್ನೋದು ಕೆಟ್ಟೋಗತ್ತೆ, ಸಂಖ್ಯೆಗೆ ಲಿಸ್ಟ್ ಕೂಡಿಸೋಕಾಗಲ್ಲ. ಅದು 4 ಆಗ್ಬೇಕು. ಶೇಷ ಬೇಡ ಅನ್ನೋರಿಗೆ ಶೇಷ ಅನ್ನೋದೊಂದು ಇತ್ತು ಅನ್ನೋದೇ ಗೊತ್ತಾಗಬಾರದು, ಮಲ್ಟಿಪಲ್ ವ್ಯಾಲ್ಯೂಸ್‌ನ ಚಂದ ಇರೋದೇ ಅಲ್ಲಿ. ಹಾಗಾಗಿ ಶುರು ಮಾಡೋ ಮೊದ್ಲೇ ಒಂದು ಮಾತು ತಲೆಯಲ್ಲಿ ಇಟ್ಕೊಳ್ಳಿ: ವ್ಯಾಲ್ಯೂಸ್ ಅನ್ನೋದು ಡೇಟಾ ಅಲ್ಲ, ರಿಟರ್ನ್ ಆಗೋ ಒಂದು ರೀತಿ. ಎಷ್ಟು ಬೇಕು ಅಂತ ತೀರ್ಮಾನ ಮಾಡೋದು ಕರೆದವರು. ಮುಂದೆ ಬರೋ ಬಗ್‌ಗಳಲ್ಲಿ ಹೆಚ್ಚಿನವು ಈ ಮಾತು ಮರೆತಿದ್ದರಿಂದ್ಲೇ ಬರೋದು.

ನಿಯಮಗಳಲ್ಲಿ ಎರಡು ದಾರಿ ಇದೆ. ಸ್ಕೀಮ್ ಅನ್ನೋ ಲಿಸ್ಪ್‌ನ 1998ರ ಆರ್5ಆರ್‌ಎಸ್ ಸ್ಟ್ಯಾಂಡರ್ಡ್‌ನಲ್ಲಿ ಹಲವು ವ್ಯಾಲ್ಯೂ ತಗೊಳ್ಳೋಕೆ ಕಾಲ್-ವಿತ್-ವ್ಯಾಲ್ಯೂಸ್ ಬಂತು, ಅಲ್ಲಿ ಒಂದೇ ವ್ಯಾಲ್ಯೂ ಕಾಯ್ತಿರೋ ಕಡೆಗೆ ಎರಡು ಕಳಿಸಿದ್ರೆ ಏನಾಗತ್ತೆ ಅಂತ ಸ್ಟ್ಯಾಂಡರ್ಡ್ ಹೇಳಲ್ಲ. 1994ರ ಆನ್ಸಿ ಕಾಮನ್ ಲಿಸ್ಪ್‌ನಲ್ಲಿ ಸ್ಪಷ್ಟ: ಹೆಚ್ಚಾದ್ರೆ ಬಿಸಾಕಿ, ಕಡಿಮೆ ಬಿದ್ರೆ ನಿಲ್ ತುಂಬಿ, ಸೊನ್ನೆ ಬಂದ್ರೂ ಒಂದು ಬೇಕಿದ್ದ ಕಡೆ ನಿಲ್. ನಾನಿಲ್ಲಿ ಕಾಮನ್ ಲಿಸ್ಪ್ ದಾರಿ ಹಿಡೀತೀನಿ, ಬಳಸೋರಿಗೆ ಅದು ಸುಲಭ. ಉದ್ದುದ್ದ ಹೆಸರು ಪದೇ ಪದೇ ಬರೆಯೋ ಬದ್ಲು ಮಲ್ಟಿಪಲ್-ವ್ಯಾಲ್ಯೂ-ಬೈಂಡ್‌ಗೆ (ಬಂದ ವ್ಯಾಲ್ಯೂಗಳಿಗೆ ಒಂದೊಂದು ಹೆಸರು ಕೊಡೋದು) ಎಂವಿ-ಬೈಂಡ್, ಕಾಲ್‌ಗೆ (ಅವನ್ನೆಲ್ಲ ಆರ್ಗ್ಯುಮೆಂಟ್ ಮಾಡಿ ಫಂಕ್ಷನ್ ಕರೆಯೋದು) ಎಂವಿ-ಕಾಲ್, ಲಿಸ್ಟ್‌ಗೆ (ಎಲ್ಲಾನೂ ಒಂದು ಲಿಸ್ಟ್ ಮಾಡೋದು) ಎಂವಿ-ಲಿಸ್ಟ್ ಅಂತ ಬರೀತೀನಿ.

ಇಂಟರ್‌ಪ್ರಿಟರ್‌ನಿಂದ ಶುರು ಮಾಡೋಣ. ಒಂದು ಉಪಾಯ ಅಂದ್ರೆ ವ್ಯಾಲ್ಯೂಸ್ ಒಂದು ವಿಶೇಷ ಟ್ಯಾಗ್ ಇರೋ ಡಬ್ಬಿ ಕೊಡೋದು, ಇವ್ಯಾಲ್ ಅದನ್ನ ನೋಡಿ ಬೇಕಾದ ಕಡೆ ಬಿಚ್ಚೋದು. ಇದನ್ನ ಮಾಡ್ಬೇಡಿ. ಡಬ್ಬಿ ಬಿಚ್ಚೋದನ್ನ ಒಂದೇ ಒಂದು ಕಡೆ ಮರೆತರೂ ಅದು ವೇರಿಯೇಬಲ್ ಒಳಗೆ, ಕಾನ್ಸ್ ಒಳಗೆ, ಹ್ಯಾಷ್ ಟೇಬಲ್ ಒಳಗೆ ಹೋಗಿ ಕೂರತ್ತೆ, ಆಮೇಲೆ ಸಾವಿರ ಸಾಲು ಆಚೆ ಎಲ್ಲೋ ಎರರ್ ಬಂದಾಗ ಎಲ್ಲಿಂದ ತಪ್ಪಿಸಿಕೊಂಡು ಬಂತು ಅಂತ ಹುಡುಕೋಕೇ ಆಗಲ್ಲ. ಅದೂ ಅಲ್ದೆ ಪ್ರತಿ ಸಲ ಹೀಪ್‌ನಲ್ಲಿ ಜಾಗ ಬೇರೆ ಬೇಕು.

ಎರಡನೇ ಉಪಾಯ ಪಕ್ಕದ ಬಫರ್. ಇವ್ಯಾಲ್ ಮೊದಲಿನ ಹಾಗೇ ಒಂದೇ ವ್ಯಾಲ್ಯೂ ಕೊಡತ್ತೆ, ಅದು ಮೊದಲನೇದು. ಎಷ್ಟು ಬಂತು ಅನ್ನೋ ಕೌಂಟ್ ಒಂದು ಕಡೆ, ಎರಡನೇದರಿಂದ ಮುಂದಿನವು ಒಂದು ಅರೇಲಿ. ಇಸಿಎಲ್ ಅನ್ನೋ ಕಾಮನ್ ಲಿಸ್ಪ್ ಹೀಗೇ ಮಾಡತ್ತೆ, ಅದರ ಸಿ ಫಂಕ್ಷನ್‌ಗಳು ಮೊದಲನೇ ವ್ಯಾಲ್ಯೂನ ನೇರವಾಗಿ ರಿಟರ್ನ್ ಮಾಡಿ ಕೌಂಟನ್ನ ಎನ್ವಿರಾನ್ಮೆಂಟ್ ಸ್ಟ್ರಕ್ಟ್‌ನಲ್ಲಿ ಬರೆದಿಡ್ತವೆ. ಅರೇ ಎಷ್ಟು ದೊಡ್ಡದಿರ್ಬೇಕು? ಸ್ಟ್ಯಾಂಡರ್ಡ್ ಪ್ರಕಾರ ಕನಿಷ್ಠ 20ಕ್ಕಿಂತ ಒಂದು ಕಮ್ಮಿ ವ್ಯಾಲ್ಯೂಗಳನ್ನಾದ್ರೂ ಕಳಿಸೋಕಾಗ್ಬೇಕು, ನೀವು 64 ಇಟ್ಕೊಳ್ಳಿ, ಮೀರಿದ್ರೆ ಎರರ್ ಕೊಡಿ. ಇದರ ದೊಡ್ಡ ಅನುಕೂಲ ಅಂದ್ರೆ ಒಂದೇ ವ್ಯಾಲ್ಯೂ ಬೇಕಾದ ಹಳೇ ಕೋಡ್ ಒಂದಕ್ಷರ ಬದಲಾಗಲ್ಲ, ಪ್ಲಸ್ ತನ್ನ ಆರ್ಗ್ಯುಮೆಂಟ್ ತಗೊಳತ್ತೆ, ಬಫರ್ ಕಡೆ ತಿರುಗೂ ನೋಡಲ್ಲ.

ತೊಂದರೆ ಬರೋದು ಹಳೇ ಕೌಂಟ್ ಹಾಗೇ ಉಳ್ಕೊಂಡಾಗ. (ಎಂವಿ-ಲಿಸ್ಟ್ (ಸೆಟ್‌ಕ್ಯೂ ಕ (ಫ್ಲೋರ್ 17 5))) ಅನ್ನೋದು (3) ಕೊಡ್ಬೇಕು, ಯಾಕಂದ್ರೆ ವೇರಿಯೇಬಲ್‌ಗೆ ವ್ಯಾಲ್ಯೂ ಹಾಕೋ ಸೆಟ್‌ಕ್ಯೂ ಒಂದೇ ವ್ಯಾಲ್ಯೂ ಕೊಡೋದು. ಆದ್ರೆ ಒಳಗೆ ಫ್ಲೋರ್ ಕೌಂಟನ್ನ 2 ಮಾಡಿ ಹೋಗಿರತ್ತೆ, ಸೆಟ್‌ಕ್ಯೂ ಅದನ್ನ ಮುಟ್ಟದೇ ಇದ್ರೆ ನಿಮಗೆ (3 2) ಬರತ್ತೆ. ಕರೆಯೋ ಮೊದ್ಲೇ ಕೌಂಟನ್ನ 1 ಮಾಡಿಬಿಟ್ರೆ ಸಾಕಲ್ವಾ ಅಂತ ಅನ್ಸತ್ತೆ, ಸಾಕಾಗಲ್ಲ, ಕರೆದ ಫಂಕ್ಷನ್ ನಡುವೆ ಎಲ್ಲೋ ಫ್ಲೋರ್ ಬಳಸಿ ಕೊನೇಲಿ ಬರೀ ಒಂದು ವೇರಿಯೇಬಲ್ ಕೊಟ್ಟು ಬಂದಿರಬಹುದು. ಸರಿಯಾದ ನಿಯಮ ಇದು: ಒಂದೇ ವ್ಯಾಲ್ಯೂ ಹುಟ್ಟಿಸೋ ಪ್ರತಿ ಜಾಗ ತಾನು ಮುಗಿಸೋವಾಗ ಕೌಂಟ್ 1 ಬರೀಬೇಕು. ಅಂಥ ಜಾಗ ಜಾಸ್ತಿ ಇಲ್ಲ, ಕಾನ್‌ಸ್ಟಂಟ್, ವೇರಿಯೇಬಲ್, ಕೋಟ್, ಲ್ಯಾಂಬ್ಡಾ, ಸೆಟ್‌ಕ್ಯೂ, ಆಮೇಲೆ ಬಿಲ್ಟ್-ಇನ್ ಫಂಕ್ಷನ್ ಕರೆ. ಬಿಲ್ಟ್-ಇನ್‌ಗಳಿಗೆ ಒಂದೊಂದು ಫ್ಲ್ಯಾಗ್ ಕೊಡಿ, ವ್ಯಾಲ್ಯೂಸ್, ಫ್ಲೋರ್, ಗೆಟ್‌ಹ್ಯಾಷ್, ಫನ್‌ಕಾಲ್, ಅಪ್ಲೈ ಥರದವಕ್ಕೆ ಫ್ಲ್ಯಾಗ್ ಇರತ್ತೆ, ಉಳಿದೋರೆಲ್ಲ ವಾಪಸ್ ಬಂದ ತಕ್ಷಣ ಇವ್ಯಾಲ್ ತಾನೇ 1 ಬರೆಯತ್ತೆ. ಪ್ರೋಗ್‌ಎನ್ (ಒಂದಾದ ಮೇಲೊಂದು ಓಡಿಸೋದು), ಲೆಟ್, ಇಫ್ ಇವು ಏನೂ ಬರೀಬೇಕಿಲ್ಲ, ಕೊನೇ ಫಾರ್ಮ್ (ಅಂದ್ರೆ ಎಕ್ಸ್‌ಪ್ರೆಷನ್) ಏನು ಬರೆದಿದೆಯೋ ಅದೇ ದಾಟಿ ಹೋಗತ್ತೆ.

ಏನೂ ಬರೀಬೇಕಿಲ್ಲ ಅಂದ್ನಲ್ಲ, ಅಲ್ಲೇ ನಾನು ಎರಡು ದಿನ ಕಳ್ದೆ. ಈ ಫಾರ್ಮ್ ನೋಡಿ:

(ಇಫ್ (ಗೆಟ್‌ಹ್ಯಾಷ್ ಕೀ ಟೇಬಲ್) (ಪ್ರಿಂಟ್ ಕೀ))

ಎಲ್ಸ್ ಭಾಗ ಇಲ್ಲ. ಕೀ ಇಲ್ದೇ ಇದ್ದಾಗ ಗೆಟ್‌ಹ್ಯಾಷ್ ಎರಡು ವ್ಯಾಲ್ಯೂ ಕೊಡತ್ತೆ, ಕೌಂಟ್ 2. ಟೆಸ್ಟ್ ನಿಲ್, ಎಲ್ಸ್ ಇಲ್ಲ, ನನ್ನ ಇವ್ಯಾಲ್ ಸುಮ್ನೆ ನಿಲ್ ಅಂತ ರಿಟರ್ನ್ ಮಾಡ್ತಿತ್ತು, ಕೌಂಟ್ 2 ಹಾಗೇ ನಿಂತಿತ್ತು. ಎಲ್ಸ್ ಇದ್ದಿದ್ರೆ ಅದನ್ನ ಇವ್ಯಾಲ್ಯುಯೇಟ್ ಮಾಡೋವಾಗ ಕೌಂಟ್ ತಾನಾಗೇ ಸರಿ ಹೋಗ್ತಿತ್ತು. ಅಂದ್ರೆ ಯಾವ ಫಾರ್ಮೂ ಓಡದೆ ನಿಲ್ ತಾನಾಗಿ ಹುಟ್ಟೋ ಜಾಗಗಳಿವೆ, ಎಲ್ಸ್ ಇಲ್ಲದ ಇಫ್, ಯಾವ ಸಾಲೂ ಹೊಂದದ ಕಾಂಡ್, ಖಾಲಿ ಪ್ರೋಗ್‌ಎನ್, ಮುಗಿದ ಲೂಪ್, ಇವೂ ಕಾನ್‌ಸ್ಟಂಟ್ ಇದ್ದ ಹಾಗೇನೇ, ಇಲ್ಲೂ 1 ಬರೀಲೇಬೇಕು. ಸಿ ಕೋಡ್‌ನಲ್ಲಿ ರಿಟರ್ನ್ ನಿಲ್ ಅಂತ ಇರೋ ಪ್ರತಿ ಸಾಲನ್ನ ಹುಡುಕಿ ಒಂದೊಂದಾಗಿ ನೋಡಿ, ನನಗೆ ಹಾಗೆ ನೋಡಿದ್ಮೇಲೆ ಇನ್ನೂ ಮೂರು ಸಿಕ್ತು.

ಆರ್ ಕೂಡ ಸ್ವಲ್ಪ ಸೂಕ್ಷ್ಮ. (ಆರ್ (ಫ್ಲೋರ್ 17 5) ನಿಲ್) ಅಂದ್ರೆ ಬರೀ 3, (ಆರ್ ನಿಲ್ (ಫ್ಲೋರ್ 17 5)) ಅಂದ್ರೆ 3 ಮತ್ತು 2 ಎರಡೂ. ಕೊನೇ ಫಾರ್ಮ್ ಮಾತ್ರ ಎಲ್ಲಾ ವ್ಯಾಲ್ಯೂ ದಾಟಿಸತ್ತೆ, ನಡುವೆ ಗೆದ್ದದ್ದು ಮೊದಲನೇದನ್ನ ಮಾತ್ರ. ಕಾಂಡ್‌ನಲ್ಲಿ ಬರೀ ಟೆಸ್ಟ್ ಇರೋ ಸಾಲೂ ಒಂದೇ ಕೊಡೋದು, ಪ್ರೋಗ್1 ಕೂಡ ಒಂದೇ.

ಈಗ ತಗೊಳ್ಳೋ ಕಡೆ. ಮೂಲವಾಗಿ ಎಂವಿ-ಕಾಲ್ ಒಂದಿದ್ರೆ ಸಾಕು, ಅದು ಸ್ಪೆಷಲ್ ಫಾರ್ಮ್, ಉಳಿದವು ಅದರ ಮೇಲೆ ಮ್ಯಾಕ್ರೋ. ಎಂವಿ-ಲಿಸ್ಟ್ ಅಂದ್ರೆ ಲಿಸ್ಟ್ ಫಂಕ್ಷನ್‌ಗೆ ಎಂವಿ-ಕಾಲ್. ಎಂವಿ-ಬೈಂಡ್ ಅಂದ್ರೆ ಎಲ್ಲಾ ಪ್ಯಾರಾಮೀಟರ್ ಆಪ್ಷನಲ್ ಇರೋ, ಮಿಕ್ಕಿದ್ದನ್ನ ರೆಸ್ಟ್‌ಗೆ ಹಾಕ್ಕೊಂಡು ಮರೆಯೋ ಲ್ಯಾಂಬ್ಡಾಗೆ ಎಂವಿ-ಕಾಲ್, ಕಡಿಮೆ ಬಿದ್ರೆ ನಿಲ್ ತುಂಬೋದು ಹೆಚ್ಚಾದ್ರೆ ಬಿಡೋದು ಎರಡೂ ಪುಕ್ಕಟೆ ಸಿಗತ್ತೆ. ಎಂವಿ-ಕಾಲ್ ಬರೆಯೋವಾಗ ಒಂದೇ ಎಚ್ಚರ, ಪ್ರತಿ ಫಾರ್ಮ್ ಮುಗಿದ ತಕ್ಷಣ ಬಫರ್‌ನಿಂದ ಕಾಪಿ ಮಾಡ್ಕೊಳ್ಳಿ, ಮುಂದಿನ ಫಾರ್ಮ್ ಅದೇ ಬಫರ್ ಮೇಲೆ ಬರೆಯತ್ತೆ.

ಏನೇ ಆದ್ರೂ ಕೊನೇಲಿ ಕ್ಲೀನಪ್ ಓಡಿಸೋ ಅನ್‌ವೈಂಡ್-ಪ್ರೊಟೆಕ್ಟ್‌ನಲ್ಲೂ ಇದೇ ಕಥೆ. ಒಳಗಿನ ಫಾರ್ಮ್ ಮೂರು ವ್ಯಾಲ್ಯೂ ಕೊಟ್ಟಿದೆ, ಆಮೇಲೆ ಕ್ಲೀನಪ್‌ನಲ್ಲಿ ಫೈಲ್ ಕ್ಲೋಸ್ ಮಾಡ್ತೀರ, ಆ ಕ್ಲೋಸ್ ಕೌಂಟನ್ನ 1 ಮಾಡತ್ತೆ, ಮೂರರಲ್ಲಿ ಎರಡು ಕಾಣೆ. ಕ್ಲೀನಪ್‌ಗೆ ಮುಂಚೆ ಉಳಿಸಿ, ಆಮೇಲೆ ವಾಪಸ್ ಹಾಕಿ. ಥ್ರೋ ಆಗಿ ಹೊರಗೆ ಹಾರೋವಾಗ್ಲೂ ದಾರಿಯಲ್ಲಿ ಕ್ಲೀನಪ್‌ಗಳು ಓಡ್ತವೆ, ಹಾಗಾಗಿ ಥ್ರೋ ಹೊತ್ತು ತರೋ ವ್ಯಾಲ್ಯೂಗಳಿಗೂ ಇದು ಬೇಕು. ಬಫರ್ ಪ್ರತಿ ಥ್ರೆಡ್‌ಗೂ ಬೇರೆ ಇರ್ಲಿ, ಗಾರ್ಬೇಜ್ ಕಲೆಕ್ಟರ್‌ಗೆ ಅದು ರೂಟ್ ಅಂತ ಗೊತ್ತಿರ್ಲಿ, ಕೌಂಟ್ ಇರೋವರೆಗೆ ಮಾತ್ರ ಸ್ಕ್ಯಾನ್ ಮಾಡಿ, ಇಲ್ಲಾಂದ್ರೆ ಹಳೇ ವ್ಯಾಲ್ಯೂಗಳು ಸುಮ್ನೆ ಜೀವ ಹಿಡ್ಕೊಂಡು ಕೂತಿರ್ತವೆ.

ಇನ್ನು ಕಂಪೈಲರ್. ನನಗೆ ತುಂಬಾ ಇಷ್ಟ ಆದ ಭಾಗ ಇದೇ, ಯಾಕಂದ್ರೆ ಎಷ್ಟು ಬೇಕು ಅನ್ನೋದು ಇಂಟರ್‌ಪ್ರಿಟರ್‌ಗೆ ಓಡೋವಾಗ್ಲೂ ಗೊತ್ತಿರಲ್ಲ, ಕಂಪೈಲರ್‌ಗೆ ಮೊದ್ಲೇ ಗೊತ್ತಿರತ್ತೆ. ನಿಮ್ಮ ಕಂಪೈಲ್ ಫಂಕ್ಷನ್‌ಗೆ ಫಾರ್ಮ್ ಮತ್ತು ಎನ್ವಿರಾನ್ಮೆಂಟ್ ಜೊತೆ ಇನ್ನೊಂದು ಆರ್ಗ್ಯುಮೆಂಟ್ ಸೇರಿಸಿ, ಕಾಂಟೆಕ್ಸ್ಟ್ ಅಂತ. ಅದಕ್ಕೆ ಮೂರು ಬೆಲೆ: ‘ಸೊನ್ನೆ’, ‘ಒಂದು’, ‘ಎಲ್ಲಾ’. ಸೊನ್ನೆ ಅಂದ್ರೆ ಕೆಲಸ ಮಾತ್ರ ಆಗ್ಲಿ ಫಲಿತಾಂಶ ಬೇಡ, ಒಂದು ಅಂದ್ರೆ ಸ್ಟ್ಯಾಕ್ ಮೇಲೆ ಸರಿಯಾಗಿ ಒಂದು ಪುಷ್ ಆಗಿರ್ಬೇಕು, ಎಲ್ಲಾ ಅಂದ್ರೆ ಮೊದಲನೇದು ವ್ಯಾಲ್ಯೂ ರಿಜಿಸ್ಟರ್‌ನಲ್ಲಿ, ಕೌಂಟ್ ಅದರ ಜಾಗದಲ್ಲಿ, ಮಿಕ್ಕಿದ್ದು ಬಫರ್‌ನಲ್ಲಿ. ಪ್ರೋಗ್‌ಎನ್‌ನಲ್ಲಿ ಕೊನೇದು ಬಿಟ್ಟು ಉಳಿದವೆಲ್ಲ ಸೊನ್ನೆ, ಕೊನೇದಕ್ಕೆ ತನಗೆ ಬಂದ ಕಾಂಟೆಕ್ಸ್ಟನ್ನೇ ಕೊಡತ್ತೆ. ಇಫ್ ತನ್ನ ಟೆಸ್ಟನ್ನ ಒಂದು ಅಂತ ಕಂಪೈಲ್ ಮಾಡತ್ತೆ, ಎರಡು ಕೊಂಬೆಗೂ ತನ್ನದೇ ಕಾಂಟೆಕ್ಸ್ಟ್. ಎಲ್ಸ್ ಇಲ್ದೇ ಇದ್ರೆ ನಿಲ್ ಅನ್ನೋ ಕಾನ್‌ಸ್ಟಂಟನ್ನ ಅದೇ ಕಾಂಟೆಕ್ಸ್ಟ್‌ನಲ್ಲಿ ಕಂಪೈಲ್ ಮಾಡಿ, ಮೇಲೆ ಹೇಳಿದ ಬಗ್ ಇಲ್ಲಿ ಹುಟ್ಟೋದೇ ಇಲ್ಲ. ಲ್ಯಾಂಬ್ಡಾ ಬಾಡಿ ಯಾವತ್ತೂ ‘ಎಲ್ಲಾ’, ಯಾರು ಕರೀತಾರೋ ಅವರಿಗೆ ಎಷ್ಟು ಬೇಕೋ ಗೊತ್ತಿಲ್ವಲ್ಲ.

ಫಂಕ್ಷನ್ ಕರೆ ಹೀಗೆ. ಆರ್ಗ್ಯುಮೆಂಟ್‌ಗಳೆಲ್ಲ ‘ಒಂದು’ ಕಾಂಟೆಕ್ಸ್ಟ್‌ನಲ್ಲಿ, ಕಾಲ್ ಇನ್‌ಸ್ಟ್ರಕ್ಷನ್, ಆಮೇಲೆ ನಮ್ಮ ಕಾಂಟೆಕ್ಸ್ಟ್ ಒಂದಾಗಿದ್ರೆ ವ್ಯಾಲ್ಯೂ ರಿಜಿಸ್ಟರನ್ನ ಪುಷ್ ಮಾಡಿ, ಸೊನ್ನೆ ಅಥವಾ ಎಲ್ಲಾ ಆಗಿದ್ರೆ ಏನೂ ಮಾಡ್ಬೇಡಿ. ಕಾನ್‌ಸ್ಟಂಟ್ ‘ಒಂದು’ ಕಾಂಟೆಕ್ಸ್ಟ್‌ನಲ್ಲಿದ್ರೆ ಬರೀ ಪುಷ್, ‘ಎಲ್ಲಾ’ದಲ್ಲಿದ್ರೆ ರಿಜಿಸ್ಟರ್‌ಗೆ ಲೋಡ್ ಮಾಡಿ ಕೌಂಟ್ 1. ಹೀಗಾಗಿ ಇಂಟರ್‌ಪ್ರಿಟರ್‌ನಲ್ಲಿ ಪ್ರತಿ ಹೆಜ್ಜೆಗೂ ಕೌಂಟ್ ಬರೀತಿದ್ದದ್ದು ಇಲ್ಲಿ ಹೆಚ್ಚುಕಮ್ಮಿ ಫಂಕ್ಷನ್‌ಗೆ ಒಂದೇ ಸಲಕ್ಕೆ ಇಳಿಯತ್ತೆ.

(ವ್ಯಾಲ್ಯೂಸ್ ಅ ಬ) ಕಂಪೈಲ್ ಆಗೋದನ್ನ ಹತ್ತಿರದಿಂದ ನೋಡಿ. ‘ಎಲ್ಲಾ’ ಕಾಂಟೆಕ್ಸ್ಟ್‌ನಲ್ಲಿ ಅ ಪುಷ್, ಬ ಪುಷ್, ಆಮೇಲೆ ಎರಡನ್ನ ಪಾಪ್ ಮಾಡಿ ಬಫರ್‌ಗೆ ಹಾಕೋ ಇನ್‌ಸ್ಟ್ರಕ್ಷನ್. ‘ಒಂದು’ ಕಾಂಟೆಕ್ಸ್ಟ್‌ನಲ್ಲಿ ಅ ‘ಒಂದು’ ಆಗಿ, ಬ ‘ಸೊನ್ನೆ’ ಆಗಿ, ಅಷ್ಟೇ, ಸ್ಟ್ಯಾಕ್ ತುದೀಲಿ ಅ ಉಳಿದಿರತ್ತೆ, ಬಫರ್ ಅನ್ನೋದೇ ಬೇಡ. ಬ ವೇರಿಯೇಬಲ್ ಆಗಿದ್ರೆ ಅದಕ್ಕೆ ಕೋಡೇ ಬರಲ್ಲ, ಫಂಕ್ಷನ್ ಕರೆ ಆಗಿದ್ರೆ ಕರೆ ಆಗ್ಲೇಬೇಕು. ಒಂದೇ ಆರ್ಗ್ಯುಮೆಂಟ್ ಇರೋ (ವ್ಯಾಲ್ಯೂಸ್ (ಎಫ್)) ಬಗ್ಗೆ ಜಾಗ್ರತೆ. ನಾನು ಇದನ್ನ ಬರೀ (ಎಫ್) ಅಂತ ಬದಲಾಯಿಸೋ ಒಂದು ಆಪ್ಟಿಮೈಸೇಷನ್ ಹಾಕಿದ್ದೆ, ‘ಒಂದು’ ಕಾಂಟೆಕ್ಸ್ಟ್‌ನಲ್ಲಿ ಅದು ಸರಿ, ಆದ್ರೆ ‘ಎಲ್ಲಾ’ದಲ್ಲಿ ತಪ್ಪು, ಯಾಕಂದ್ರೆ ಉಳಿದ ವ್ಯಾಲ್ಯೂಗಳನ್ನ ಕತ್ತರಿಸೋಕೇ ಜನ ಅದನ್ನ ಬರೆಯೋದು.

ಎಂವಿ-ಬೈಂಡನ್ನ ಕಂಪೈಲರ್‌ನಲ್ಲಿ ಲ್ಯಾಂಬ್ಡಾ ಮಾಡೋಕೆ ಹೋಗ್ಬೇಡಿ, ಕ್ಲೋಷರ್ ಖರ್ಚು ಯಾಕೆ. ಫಾರ್ಮನ್ನ ‘ಎಲ್ಲಾ’ ಅಂತ ಕಂಪೈಲ್ ಮಾಡಿ, ಆಮೇಲೆ ರಿಸೀವ್ 2 ಅನ್ನೋ ಥರ ಒಂದು ಇನ್‌ಸ್ಟ್ರಕ್ಷನ್, ಅದು ಕೌಂಟ್ ನೋಡಿ ಸರಿಯಾಗಿ ಎರಡು ಪುಷ್ ಮಾಡತ್ತೆ, ಇಲ್ದಿದ್ದಕ್ಕೆ ನಿಲ್, ಆ ಸ್ಲಾಟ್‌ಗಳೇ ಲೋಕಲ್ ವೇರಿಯೇಬಲ್. ಫಾರ್ಮ್ ನೇರವಾಗಿ (ವ್ಯಾಲ್ಯೂಸ್ ...) ಆಗಿದ್ರೆ ಇಡೀದನ್ನ ಲೆಟ್ ಮಾಡಿಬಿಡಿ, ಇನ್‌ಲೈನಿಂಗ್ ಇದ್ರೆ ಇದು ಅನ್ಕೊಂಡಿದ್ದಕ್ಕಿಂತ ಜಾಸ್ತಿ ಸಲ ಸಿಗತ್ತೆ.

ಎಂವಿ-ಕಾಲ್‌ನಲ್ಲಿ ಎಷ್ಟು ಆರ್ಗ್ಯುಮೆಂಟ್ ಬರತ್ತೆ ಅಂತ ಕಂಪೈಲ್ ಟೈಮಲ್ಲಿ ಗೊತ್ತಿಲ್ಲ. ಮೊದ್ಲು ಫಂಕ್ಷನ್ ಪುಷ್, ಆಮೇಲೆ ಸೊನ್ನೆ ಅನ್ನೋ ಲೆಕ್ಕ ಪುಷ್. ಪ್ರತಿ ಫಾರ್ಮ್ ಆದ್ಮೇಲೆ ಒಂದು ಇನ್‌ಸ್ಟ್ರಕ್ಷನ್ ಆ ಲೆಕ್ಕವನ್ನ ಪಾಪ್ ಮಾಡಿ, ಬಂದಷ್ಟು ವ್ಯಾಲ್ಯೂ ಪುಷ್ ಮಾಡಿ, ಹೊಸ ಮೊತ್ತವನ್ನ ಮೇಲಿಡತ್ತೆ, ಕೊನೇಗೆ ಅಷ್ಟು ಆರ್ಗ್ಯುಮೆಂಟ್ ಜೊತೆ ಕರೆ. ಇಲ್ಲೊಂದು ಹೊಂಡ ಇದೆ, ಲೋಕಲ್ ವೇರಿಯೇಬಲ್‌ಗಳನ್ನ ಸ್ಟ್ಯಾಕ್ ತುದಿಯಿಂದ ಎಣಿಸ್ತಿದ್ರೆ ಎಲ್ಲಾ ಲೆಕ್ಕ ತಪ್ಪತ್ತೆ, ಯಾಕಂದ್ರೆ ತುದಿ ಎಲ್ಲಿದೆ ಅಂತ ಕಂಪೈಲರ್‌ಗೆ ಇನ್ನು ಗೊತ್ತಿಲ್ಲ. ಫ್ರೇಮ್ ಪಾಯಿಂಟರ್‌ನಿಂದ ಎಣಿಸೋ ಹಾಗೆ ಮೊದ್ಲು ಬದಲಾಯಿಸಿಕೊಳ್ಳಿ. ಅನ್‌ವೈಂಡ್-ಪ್ರೊಟೆಕ್ಟ್‌ಗೆ ವ್ಯಾಲ್ಯೂಗಳನ್ನೂ ಕೌಂಟನ್ನೂ ಸ್ಟ್ಯಾಕ್‌ಗೆ ಹಾಕೋದು ಒಂದು, ವಾಪಸ್ ತೆಗೆಯೋದು ಒಂದು, ಎರಡು ಇನ್‌ಸ್ಟ್ರಕ್ಷನ್ ಸಾಕು.

ಮಷಿನ್ ಕೋಡ್‌ಗೇ ಇಳಿಯೋರಿಗೆ ಎಸ್‌ಬಿಸಿಎಲ್ ಅನ್ನೋ ಕಾಮನ್ ಲಿಸ್ಪ್ ಕಂಪೈಲರ್ ನೋಡೋಕೆ ಹೇಳ್ತೀನಿ. ಎಕ್ಸ್86-64ರಲ್ಲಿ ಅದು ಮೊದಲ ಮೂರು ವ್ಯಾಲ್ಯೂಗಳನ್ನ ರಿಜಿಸ್ಟರ್‌ನಲ್ಲೇ ಕೊಡತ್ತೆ, ಒಂದೇ ವ್ಯಾಲ್ಯೂ ಬಂತಾ ಇಲ್ವಾ ಅನ್ನೋದನ್ನ ಪ್ರೊಸೆಸರ್‌ನ ಕ್ಯಾರಿ ಫ್ಲ್ಯಾಗ್‌ನಲ್ಲಿ ಹೇಳತ್ತೆ. ಫ್ಲ್ಯಾಗ್ ಆಫ್ ಇದ್ರೆ ಒಂದೇ, ಆನ್ ಇದ್ರೆ ಕೌಂಟ್ ನೋಡಿ ಅಂತ. ಒಂದೇ ಕೊಡೋ ಫಂಕ್ಷನ್ ಕೌಂಟ್ ಬರೆಯೋ ಗೋಜಿಗೇ ಹೋಗಲ್ಲ.

ಇಂಟರ್‌ಪ್ರಿಟರ್ ಮತ್ತು ಕಂಪೈಲರ್ ಎರಡಕ್ಕೂ ಒಂದೇ ಬಫರ್, ಒಂದೇ ಕೌಂಟ್ ಇಡಿ, ಕಂಪೈಲ್ ಆದ ಫಂಕ್ಷನ್ ಇಂಟರ್‌ಪ್ರಿಟರ್‌ನದನ್ನ ಕರೆಯೋವಾಗ ನಡುವೆ ಅನುವಾದದ ಕೆಲಸ ಬರಬಾರದು. ಟೆಸ್ಟ್‌ಗಳನ್ನೂ ಹಾಗೇ ಬರೀರಿ, ಪ್ರತಿಯೊಂದನ್ನೂ ನಾಲ್ಕು ಜೋಡೀಲಿ ಓಡಿಸಿ, ಕರೆಯೋರು ಇಂಟರ್‌ಪ್ರಿಟೆಡ್ ಅಥವಾ ಕಂಪೈಲ್ಡ್, ಕರೆಸ್ಕೊಳ್ಳೋರು ಹಾಗೇ. (ಎಂವಿ-ಲಿಸ್ಟ್ (ವ್ಯಾಲ್ಯೂಸ್)) ನಿಲ್ ಆಗ್ಬೇಕು, (ಲಿಸ್ಟ್ (ವ್ಯಾಲ್ಯೂಸ್)) ಮಾತ್ರ (ನಿಲ್) ಆಗ್ಬೇಕು. (ಎಂವಿ-ಲಿಸ್ಟ್ (ಫ್ಲೋರ್ -7 2)) ಅಂದ್ರೆ (-4 1). (ಎಂವಿ-ಕಾಲ್ ಲಿಸ್ಟ್ (ಫ್ಲೋರ್ 17 5) (ಫ್ಲೋರ್ 9 4)) ಅಂದ್ರೆ (3 2 2 1), ಬಫರ್ ಕಾಪಿ ಮರೆತಿದ್ರೆ ಇಲ್ಲೇ ಸಿಕ್ಕಿಬೀಳತ್ತೆ. ಆಮೇಲೆ ಎಲ್ಸ್ ಇಲ್ಲದ ಆ ಇಫ್, ಖಾಲಿ ಟೇಬಲ್ ಜೊತೆ, ಎಂವಿ-ಲಿಸ್ಟ್ ಒಳಗೆ ಹಾಕಿ, (ನಿಲ್) ಬರೋವರೆಗೂ ಬಿಡ್ಬೇಡಿ.