ಹಂದಿ ಕೊರೊನಾ ಕರುಳು ಬಿಟ್ಟು ಶ್ವಾಸಕೋಶ ಹಿಡಿದಿದ್ದು ಹೇಗೆ? ನೀವೇ ನೋಡ್ಕೊಳ್ಳಿ
ಮೊದ್ಲು ಜೀನ್‌ಬ್ಯಾಂಕ್ ಅನ್ನೋ ಆನ್‌ಲೈನ್ ಜೀನ್ ಭಂಡಾರದಿಂದ ಟಿಜಿಇವಿ, ಪಿಆರ್‌ಸಿವಿ ಅನ್ನೋ ಎರಡು ಹಂದಿ ಕೊರೊನಾ ವೈರಸ್‌ಗಳದ್ದೂ ಸ್ಪೈಕ್ ಪ್ರೋಟೀನ್ (ಜೀವಕೋಶಕ್ಕೆ ಅಂಟ್ಕೊಳ್ಳೋಕೆ ವೈರಸ್ ಮೈಮೇಲಿರೋ ಮುಳ್ಳು) ಸೀಕ್ವೆನ್ಸ್, ಅಂದ್ರೆ ಅದರ ಅಮೈನೋ ಆಸಿಡ್‌ಗಳ ಸಾಲು, ಇಳಿಸ್ಕೊಳ್ಳಿ. ಟಿಜಿಇವಿ ಅಂದ್ರೆ ಎಳೇ ಮರಿಗಳನ್ನ ಭೇದಿ ಮಾಡ್ಸಿ ಸಾಯಿಸೋದು, ಪಿಆರ್‌ಸಿವಿ ಅದರಿಂದ್ಲೇ ಹುಟ್ಟಿ ಶ್ವಾಸಕೋಶ ಹಿಡಿದದ್ದು, 1984ರಲ್ಲಿ ಬೆಲ್ಜಿಯಂನಲ್ಲಿ ಸಿಕ್ತು.

ಎರಡನ್ನೂ ಕ್ಲಸ್ಟಲ್ ಒಮೆಗಾ ಅನ್ನೋ ಸಾಫ್ಟ್‌ವೇರ್‌ಗೆ ಹಾಕಿ ಅಲೈನ್ ಮಾಡಿ, ಅಂದ್ರೆ ಒಂದರ ಕೆಳಗೊಂದು ಹೊಂದಿಸಿ. ಈಗ ಶುರುವಿನ ಭಾಗ ನಿಧಾನಕ್ಕೆ ನೋಡಿ, ಪಿಆರ್‌ಸಿವಿ ಸಾಲಲ್ಲಿ ಬರೀ ಗೆರೆ ಗೆರೆ ಗೆರೆ, 200ಕ್ಕಿಂತ ಜಾಸ್ತಿ ಅಮೈನೋ ಆಸಿಡ್ ಹಾರೋಗಿದೆ, ಸಿಯಾಲಿಕ್ ಆಸಿಡ್‌ಗೆ (ಜೀವಕೋಶದ ಮೇಲಿರೋ ಒಂದು ಥರ ಸಕ್ಕರೆ) ಅಂಟ್ಕೊಳ್ತಿದ್ದ ತುಂಡು ಅದೇ, ಅದು ಹೋದ್ಮೇಲೆ ಕರುಳಲ್ಲಿ ಬೆಳೆಯೋ ತಾಕತ್ತು ಬಹುತೇಕ ಹೋಯ್ತು. ನನಗಂತೂ ಮೊದಲ ಸಲ ನೋಡ್ದಾಗ ಮೈ ಜುಂ ಅಂತು.

ಇನ್ನೂ ಮುಂದೆ ಹೋಗಿ, ಅಮಿನೋಪೆಪ್ಟಿಡೇಸ್ ಎನ್ (ವೈರಸ್ ಒಳಗೆ ಹೋಗೋಕೆ ಹಿಡ್ಕೊಳ್ಳೋ, ಜೀವಕೋಶದ ಮೇಲಿನ ಪ್ರೋಟೀನ್) ಹಿಡಿಯೋ ಭಾಗ ಹಾಗೇ ಇದೆ, ಅದಕ್ಕೇ ಶ್ವಾಸಕೋಶದ ಬಾಗಿಲು ಇನ್ನೂ ತೆರೆಯುತ್ತೆ.