ಗಣಿತ–ಗಣಕ ವಿಭಾಗದಲ್ಲಿ ಪಿಎಚ್‌.ಡಿ.: ಅರ್ಜಿಗೆ ಮುನ್ನ ಮಾಡಬೇಕಾದ ಕೆಲಸ

ಕರಾವಳಿಯ ಕಾಲೇಜುಗಳಲ್ಲಿ ಗಣಿತದ ಎಂ.ಎಸ್‌ಸಿ. ಅಥವಾ ಎಂಸಿಎ ಮುಗಿಸಿ ಸಂಶೋಧನೆಯತ್ತ ಮನಸ್ಸು ಮಾಡುವವರು ಮೊದಲು ವಿಚಾರಿಸುವುದು ಸೀಟು ಎಲ್ಲಿದೆ, ಫೆಲೋಶಿಪ್ ಎಷ್ಟು ಎಂಬುದನ್ನು. ಈ ಪ್ರಶ್ನೆಗಳು ಅಗತ್ಯವೇ. ಆದರೆ ಅದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ. ಸೇರಬೇಕೆಂದಿರುವ ವಿಭಾಗದಿಂದ ಹೊರಬಂದ ಒಂದು ಸಂಶೋಧನ ಲೇಖನವನ್ನು ಆರಿಸಿಕೊಂಡು, ಅದರ ಪ್ರಮೇಯವನ್ನು ಕಾಗದದ ಮೇಲೂ ಅದರ ಕೋಷ್ಟಕವನ್ನು ಕಂಪ್ಯೂಟರಿನಲ್ಲೂ ಸ್ವತಃ ಮಾಡಿ ನೋಡಬೇಕು. ಈ ಕ್ಷೇತ್ರದಲ್ಲಿ ಕೆಲವು ವರ್ಷ ದುಡಿಯಲು ತನಗೆ ನಿಜವಾಗಿಯೂ ಆಸಕ್ತಿಯಿದೆಯೇ ಎಂಬುದು ಇದರಿಂದ ತಿಳಿಯುವಷ್ಟು ಸ್ಪಷ್ಟವಾಗಿ ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ.

ಮಂಗಳೂರು–ಉಡುಪಿ ಪರಿಸರದಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. 1960ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ, ಹಿರಿಯರ ಬಾಯಲ್ಲಿ ಇಂದಿಗೂ ಕೆಆರ್‌ಇಸಿಯಾಗಿಯೇ ಉಳಿದಿರುವ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗವಲ್ಲದೆ, ‘ಮ್ಯಾಕ್ಸ್’ ಎಂದು ಕರೆಯಲ್ಪಡುವ ಗಣಿತ ಮತ್ತು ಗಣನ ವಿಜ್ಞಾನಗಳ ಪ್ರತ್ಯೇಕ ವಿಭಾಗವೂ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ಸೈನ್ಸ್ ವಿಭಾಗಗಳು ಬೇರೆ ಬೇರೆಯಾಗಿವೆ. ಮಣಿಪಾಲದಲ್ಲಿ 1957ರಷ್ಟು ಹಳೆಯ ಇಂಜಿನಿಯರಿಂಗ್ ಕಾಲೇಜಾದ ಎಂಐಟಿ (ಮಣಿಪಾಲ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಇದೆ. ವಿಭಾಗದ ಹೆಸರನ್ನು ನೋಡಿ ನಿರ್ಧರಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಂದುಗಳನ್ನೂ ಅವುಗಳನ್ನು ಜೋಡಿಸುವ ಗೆರೆಗಳನ್ನೂ ಅಭ್ಯಸಿಸುವ ಗ್ರಾಫ್ ಸಿದ್ಧಾಂತದಲ್ಲಿ ಕೆಲಸ ಮಾಡುವವರು ಗಣಿತ ವಿಭಾಗದಲ್ಲಿಯೂ ಇರಬಹುದು, ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿಯೂ ಇರಬಹುದು. ನಮಗೆ ಬೇಕಾಗಿರುವುದು ಸಮಸ್ಯೆ ಮತ್ತು ಅದನ್ನು ಬಲ್ಲ ಗೈಡ್.

ಗೈಡ್ ಆಗಬಹುದಾದವರನ್ನು ಅರಿಯಲು ಅವರ ವಿದ್ಯಾರ್ಥಿಗಳ ಮಹಾಪ್ರಬಂಧಗಳನ್ನು ಓದುವುದೇ ನೇರವಾದ ದಾರಿ. ಭಾರತೀಯ ವಿಶ್ವವಿದ್ಯಾನಿಲಯಗಳ ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. ಅಲ್ಲಿ ಪೀಠಿಕೆಯ ಅಧ್ಯಾಯವನ್ನೂ, ಮುಂದೆ ಮಾಡಬಹುದಾದ ಕೆಲಸವನ್ನು ಸೂಚಿಸುವ ಕೊನೆಯ ಪುಟಗಳನ್ನೂ ಮೊದಲು ಓದಬೇಕು. ಏಕೆಂದರೆ ಆ ಕೊನೆಯ ಪುಟಗಳಲ್ಲಿಯೇ ಮುಂದಿನ ವಿದ್ಯಾರ್ಥಿಯ ಸಮಸ್ಯೆ ಅಡಗಿರುವುದುಂಟು. ಬಳಿಕ ಅದೇ ವಿಷಯದ ಇತ್ತೀಚಿನ ಲೇಖನಗಳನ್ನು 1991ರಿಂದ ನಡೆದುಬಂದಿರುವ, ಲೇಖನಗಳನ್ನು ಉಚಿತವಾಗಿ ಒದಗಿಸುವ ಆರ್ಕೈವ್ (arXiv) ಜಾಲತಾಣದಲ್ಲಿ ಹುಡುಕಬಹುದು. ಗಣಿತದ ಪತ್ರಿಕೆಗಳ ಲೇಖನ ಸೂಚಿಯಾದ ಜೆಡ್‌ಬಿಮ್ಯಾತ್ (zbMATH) 2021ರಿಂದ ಎಲ್ಲರಿಗೂ ಮುಕ್ತವಾಗಿದೆ. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳನ್ನು ಗುರುತಿಸಲು ಅದು ನೆರವಾಗುತ್ತದೆ.

ಇನ್ನು ಮಾಡಿ ನೋಡುವ ಕೆಲಸ. ಉದಾಹರಣೆಗೆ, ಅವಕಲ ಸಮೀಕರಣಗಳ (ಡಿಫರೆನ್ಷಿಯಲ್ ಈಕ್ವೇಶನ್) ಸಂಖ್ಯಾತ್ಮಕ ಪರಿಹಾರದ ಬಗ್ಗೆ ಆಸಕ್ತಿಯುಳ್ಳವರು, ಲೇಖನಕ್ಕೆ ಕೈಹಾಕುವ ಮೊದಲು, ಒಂದು ಮೀಟರ್ ಉದ್ದದ ಸರಳಿನಲ್ಲಿ ಶಾಖ ಹರಡುವ ಸಮೀಕರಣವನ್ನು ಎಲ್ಲಕ್ಕಿಂತ ಸರಳವಾದ, ಈಗಿನ ಬೆಲೆಗಳಿಂದಲೇ ಮುಂದಿನ ಕ್ಷಣದ ಬೆಲೆಗಳನ್ನು ನೇರವಾಗಿ ಲೆಕ್ಕ ಹಾಕುವ ಎಕ್ಸ್‌ಪ್ಲಿಸಿಟ್ ವಿಧಾನದಿಂದ ಬಿಡಿಸಲಿ. ಶಾಖ ಹರಡುವ ಗುಣಾಂಕವನ್ನು 1 ಎಂದಿಟ್ಟುಕೊಂಡು, ಎರಡೂ ತುದಿಗಳಲ್ಲಿ ಉಷ್ಣತೆಯನ್ನು ಸೊನ್ನೆಯಾಗಿರಿಸಿ, ಆರಂಭದಲ್ಲಿ ಒಂದು ಸೈನ್ ಅಲೆಯ ಅರ್ಧವನ್ನು ಕೊಟ್ಟರೆ, ನಿಖರವಾದ ಉತ್ತರ ಸೂತ್ರರೂಪದಲ್ಲಿಯೇ ಸಿಗುತ್ತದೆ. ಹೋಲಿಸಿ ನೋಡುವುದು ಸುಲಭ. ಸರಳಿನ ಮೇಲೆ ಲೆಕ್ಕಕ್ಕೆ ಗುರುತಿಸಿದ ಬಿಂದುಗಳ ಅಂತರ 0.1 ಇದ್ದಾಗ ಕಾಲದ ಹೆಜ್ಜೆ 0.004 ಇರಲಿ. ಅಂತರವನ್ನು 0.05ಕ್ಕೆ ಇಳಿಸಿದಾಗ ಕಾಲದ ಹೆಜ್ಜೆಯನ್ನು ನಾಲ್ಕನೇ ಒಂದು ಭಾಗಕ್ಕೆ, ಅಂದರೆ 0.001ಕ್ಕೆ, ಇಳಿಸಿ. ಎರಡು ಸಲವೂ ಒಂದೇ ಕಾಲಬಿಂದುವಿನಲ್ಲಿ ಅಳೆದ ದೋಷ, ಅಂದರೆ ನಿಖರ ಉತ್ತರದಿಂದ ಇರುವ ವ್ಯತ್ಯಾಸ, ಸುಮಾರು ನಾಲ್ಕನೇ ಒಂದಾಗುವುದನ್ನು ಕಾಣಬಹುದು. ಹಾಗಾಗದಿದ್ದರೆ ಕೋಡಿನಲ್ಲಿ ಎಲ್ಲೋ ತಪ್ಪಿದೆ ಎಂದೇ ತಿಳಿಯಬೇಕು. ಲೇಖನಗಳ ಕೋಷ್ಟಕಗಳಲ್ಲಿ ‘ಆರ್ಡರ್’ ಎಂಬ ಕಾಲಮ್ಮಿನಲ್ಲಿ ಕಾಣುವ 2 ಎಂಬ ಅಂಕೆಯ ಮೂಲ ಇಂಥ ಹೋಲಿಕೆಯೇ: ಎರಡು ದೋಷಗಳ ಅನುಪಾತದ ಲಾಗರಿದಮ್ಮನ್ನು 2ರ ಆಧಾರದಲ್ಲಿ ತೆಗೆದಾಗ ಬರುವ ಸಂಖ್ಯೆ ಅದು.

ಇದಾದ ಮೇಲೆ, ಅಂತರ 0.1ರಲ್ಲಿಯೇ ಇಟ್ಟು ಕಾಲದ ಹೆಜ್ಜೆಯನ್ನು 0.006ಕ್ಕೆ ಏರಿಸಿ ಇನ್ನೂರು ಹೆಜ್ಜೆ ನಡೆಸಿ. ಮೊದಮೊದಲು ಎಲ್ಲವೂ ಸರಿಯಾಗಿಯೇ ತೋರುತ್ತದೆ. ಆದರೆ ಈ ವಿಧಾನದಲ್ಲಿ ಕಾಲದ ಹೆಜ್ಜೆ ಅಂತರದ ವರ್ಗದ ಅರ್ಧವನ್ನು, ಇಲ್ಲಿ 0.005ನ್ನು, ಮೀರಬಾರದು, ಮೀರಿದರೆ, ಕಂಪ್ಯೂಟರ್ ಸುಮಾರು ಹದಿನಾರನೆಯ ಅಂಕೆಯಲ್ಲಿ ಮಾಡುವ ಪೂರ್ಣಾಂಕನದ (ರೌಂಡಿಂಗ್) ಸಣ್ಣ ದೋಷವೇ ಪ್ರತಿ ಹೆಜ್ಜೆಗೂ ಬೆಳೆದು, ಕೊನೆಗೆ ಉತ್ತರವನ್ನೇ ನುಂಗಿಬಿಡುತ್ತದೆ. ಈ ಮಿತಿಯನ್ನು ಹೇಳುವ ಸ್ಥಿರತೆಯ ಪ್ರಮೇಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಗೂ ಈ ಬೆಳವಣಿಗೆಯನ್ನು ಕಣ್ಣಾರೆ ಕಂಡಾಗ ಆ ಪ್ರಮೇಯದ ಅಗತ್ಯ ಮನದಟ್ಟಾಗುತ್ತದೆ. ಗಣಿತ ಮತ್ತು ಗಣಕ ಎರಡನ್ನೂ ಒಂದೇ ವಿಭಾಗದಲ್ಲಿ ಕಲಿಸುವುದರ ಅರ್ಥವೂ ಇಲ್ಲಿಯೇ ಇದೆ ಎಂದು ನಾನು ನಂಬುತ್ತೇನೆ.

ಹಣ ಮತ್ತು ಅರ್ಹತೆಯ ವಿಷಯವನ್ನು ಸಂಕ್ಷಿಪ್ತವಾಗಿ ಹೇಳಬಹುದು. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ದೊರೆಯುತ್ತದೆ. ಇದಕ್ಕಾಗಿ ಗಣಿತದವರು ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆಯುತ್ತಾರೆ, ಕಂಪ್ಯೂಟರ್ ಸೈನ್ಸ್‌ನವರು ಯುಜಿಸಿ ನೆಟ್ ಬರೆಯುತ್ತಾರೆ. ಮತ್ತೊಂದು ರಾಷ್ಟ್ರಮಟ್ಟದ ಪರೀಕ್ಷೆಯಾದ ಗೇಟ್‌ನ ಅಂಕಕ್ಕೆ ಮೂರು ವರ್ಷಗಳ ಮಾನ್ಯತೆಯಿದೆ. ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯ ಮಿತಿಯಾಗಿ ಆರು ವರ್ಷ. ಫೆಲೋಶಿಪ್ ಇಲ್ಲದೆ, ಉದ್ಯೋಗದಲ್ಲಿದ್ದುಕೊಂಡೇ ಸೇರುವ ಅಧ್ಯಾಪಕರು ವಾರದಲ್ಲಿ ಎಷ್ಟು ಗಂಟೆ ಬಿಡುವು ಸಿಗುತ್ತದೆ ಎಂಬುದನ್ನು ತಮ್ಮ ಕಾಲೇಜಿನಲ್ಲಿ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಗೈಡ್‌ಗೆ ಬರೆಯುವ ಇ-ಮೇಲ್ ಚಿಕ್ಕದಾಗಿರಬೇಕು. ಒಂದೇ ಒಕ್ಕಣೆಯನ್ನು ವಿಭಾಗದ ಎಲ್ಲ ಪ್ರಾಧ್ಯಾಪಕರಿಗೂ ಕಳುಹಿಸುವುದು ಸಲ್ಲದು. ಅವರೆಲ್ಲ ಒಂದೇ ಕಾರಿಡಾರಿನವರಾಗಿರುವುದರಿಂದ ಅದು ತಿಳಿಯದೆ ಇರುವುದಿಲ್ಲ. ‘ಮಾನ್ಯರೇ, ತಮ್ಮ ಇಂಥ ಲೇಖನದ ಎರಡನೆಯ ಉದಾಹರಣೆಯನ್ನು ನಾನು ಗಣಿಸಿ ನೋಡಿದೆ, ಕೋಷ್ಟಕದ ಮೊದಲ ಮೂರು ಸಾಲುಗಳು ಹೊಂದಿಕೊಂಡವು, ನಾಲ್ಕನೆಯದು ಹೊಂದಲಿಲ್ಲ, ನನ್ನ ಟಿಪ್ಪಣಿಯನ್ನು ಲಗತ್ತಿಸಿದ್ದೇನೆ’ ಎಂಬಷ್ಟು ಬರೆದು, ಎರಡು ಪುಟದ ಟಿಪ್ಪಣಿ ಮತ್ತು ಅಂಕಪಟ್ಟಿಯನ್ನು ಜೊತೆಗಿರಿಸಿದರೆ ಸಾಕು. ಉತ್ತರ ಬಾರದಿದ್ದರೆ ಎರಡು ವಾರಗಳ ನಂತರ ಒಮ್ಮೆ ವಿನಯದಿಂದ ನೆನಪಿಸಬಹುದು. ಭೇಟಿಗೆ ಸಮಯ ಕೊಟ್ಟರೆ ಹೋಗಿಯೇ ಬರುವುದು ಒಳ್ಳೆಯದು. ಮಂಗಳೂರು–ಉಡುಪಿ ಬಸ್ಸುಗಳು ಎನ್‌ಐಟಿಕೆಯ ಮುಂದೆಯೇ ಸಾಗುತ್ತವೆ, ಕೊಣಾಜೆಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸುಗಳಿವೆ. ಆಗ ಅವರ ಈಗಿನ ಸಂಶೋಧನ ವಿದ್ಯಾರ್ಥಿಗಳೊಡನೆಯೂ ಮಾತನಾಡಿ, ಗೈಡ್ ಎಷ್ಟು ದಿನಕ್ಕೊಮ್ಮೆ ಕುಳಿತು ಚರ್ಚಿಸುತ್ತಾರೆ, ಕರಡನ್ನು ತಿದ್ದಿ ಹಿಂದಿರುಗಿಸಲು ಎಷ್ಟು ಸಮಯ ತೆಗೆದುಕೊಳ್ಳುತ್ತಾರೆ ಎಂಬುದನ್ನು ಕೇಳಿ ತಿಳಿಯಬೇಕು.

ಸಂದರ್ಶನದಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ಲೀನಿಯರ್ ಆಲ್‌ಜೀಬ್ರಾ ಮತ್ತು ವಿಶ್ಲೇಷಣೆಯ ಮೂಲ ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ಐಗೆನ್ ಮೌಲ್ಯದ ವ್ಯಾಖ್ಯೆ, ಏಕರೂಪ ಅಭಿಸರಣೆ, ಒಂದು ಅಲ್ಗಾರಿದಮ್ಮಿನ ಕಾಲ ಸಂಕೀರ್ಣತೆ ಇವುಗಳಿಗೆ ತಲಾ ಒಂದೊಂದು ಸ್ವಂತ ಉದಾಹರಣೆಯನ್ನು ಸಿದ್ಧವಾಗಿಟ್ಟುಕೊಂಡು, ಕಳುಹಿಸಿದ ಟಿಪ್ಪಣಿಯ ಪ್ರತಿ ಮತ್ತು ಓಡಿಸಿ ತೋರಿಸಬಹುದಾದ ಕೋಡ್ ಇರುವ ಲ್ಯಾಪ್‌ಟಾಪನ್ನು ಮೂಲ ಪ್ರಮಾಣಪತ್ರಗಳೊಂದಿಗೆ ಕೊಂಡೊಯ್ಯಬೇಕು.